ಅತ್ತೆಯ ಕೈಗುಣ, ಅಳಿಯನ ಕಿವಿ

ಊರಿನವರೆಲ್ಲ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ನೀರಿನ ಇಲಾಖೆಯಲ್ಲಿ ಸೋರಿಕೆ ಹುಡುಕುವುದು ಅವನ ಕೆಲಸ. ಕಬ್ಬಿಣದ ಸರಳನ್ನು ರಸ್ತೆಗೆ ಊರಿ, ಮೇಲಿನ ತುದಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತನೆಂದರೆ ಆಳುದ್ದ ಮಣ್ಣಿನಡಿಯ ಕೊಳವೆ ಪಿಸುಗುಟ್ಟಿದ್ದೂ ಕೇಳಿಸುತ್ತಿತ್ತು. ಇಂಥ ಕಿವಿ ಮನೆಯ ಹೊಸ್ತಿಲು ದಾಟಿದ ಕೂಡಲೇ ಕೆಟ್ಟುಹೋಗುತ್ತಿತ್ತು! ಹೆಂಡತಿ "ಅಂಗಡಿಗೆ ಹೋಗ್ಬನ್ನಿ" ಎಂದು ಮೂರು ಸಲ ಕೂಗಿದರೂ ಗೋಡೆಗೆ ಹೇಳಿದಂತೆ. "ಮೂವತ್ತು ವರ್ಷ ಸರಳಿಗೆ ಹಚ್ಚಿ ಹಚ್ಚಿ ಕಿವಿ ಸವೆದುಹೋಗಿದೆ ಕಣೇ" ಎಂದು ನಂಬಿಸಿಬಿಟ್ಟಿದ್ದ, ಖದೀಮ.

ಈ ಖದೀಮನ ಹೊಟ್ಟೆಯಲ್ಲಿ ಇನ್ನೊಂದು ಗುಟ್ಟಿತ್ತು. ಮನೆಯೆದುರು, ರಸ್ತೆಯಾಚೆಯ ಪಾಳು ಮೂಲೆಯಲ್ಲಿ ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಎಂಟು ವರ್ಷದ ಹಿಂದೆ ಗುದ್ದಲಿ ಹಾಕಿ ತೋಟ ಮಾಡಿದ್ದಳು. ಬದನೆ, ಬೆಂಡೆ, ದಾಸವಾಳ, ನಡುವೆ ಒಂದು ನಿಂಬೆಗಿಡ. ಕಡುಬೇಸಿಗೆಯಲ್ಲಿ ಬೀದಿಯ ಗಿಡಗಳೆಲ್ಲ ಸುಟ್ಟು ಕರಕಲಾದರೂ ಅತ್ತೆಯವು ಮಿರಮಿರ ಮಿಂಚುತ್ತಿದ್ದವು. "ಏನಮ್ಮಾ ನಿಮ್ಮ ಕೈಗುಣ!" ಎಂದು ಹೋಗಿಬರುವವರು ಬಾಯಿ ಬಿಡುತ್ತಿದ್ದರು. ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಕೆಳಗೆ ಕೊಳವೆ ಸೋರುತ್ತಿತ್ತು. ಮೊದಲ ವಾರವೇ ಕಿವಿಯಣ್ಣನಿಗೆ ಗೊತ್ತಾಗಿತ್ತು. ಆದರೆ ಸಿಟ್ಟನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡಿದ್ದ ಅತ್ತೆ ಆ ಹೊಗಳಿಕೆ ಕೇಳಿದಾಗ ಮಾತ್ರ ನಗುತ್ತಿದ್ದಳು. ಆ ನಗು ಅವನಿಗೆ ತುಂಬ ಇಷ್ಟ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಅಷ್ಟರಲ್ಲಿ ಸರ್ಕಾರದ ಹೊಸ ಯೋಜನೆ ಬಂತು: ಮನೆಮನೆಗೆ ನೀರು, ಚರಂಡಿ ನೀರು ಶುದ್ಧ ಮಾಡಲು ಘಟಕ, ಬೀದಿಬೀದಿಗೆ ಹಸಿರು. ಹಸಿರಿನ ವಿಭಾಗದವರು ಅತ್ತೆಯ ಮೂಲೆ ನೋಡಿ ಬೆರಗಾಗಿ, ಬಹುಮಾನಕ್ಕೆ ಹೆಸರು ಬರೆದುಕೊಂಡು ಹೋದರು. ಮರುವಾರವೇ ನೀರಿನ ವಿಭಾಗದಿಂದ ಸೋರಿಕೆ ಹಿಡಿಯುವ ಯಂತ್ರ ಹೊತ್ತು ಇಂಜಿನಿಯರ್ ಹುಡುಗಿ ಬಂದಳು. ಕಿವಿಯಣ್ಣ ಸರಳು ಹಿಡಿದು ಅವಳ ಹಿಂದೆಯೇ ಓಡಿದ.

ಅವಳು ಹೆಡ್‌ಫೋನ್ ಹಾಕಿ ಆ ಮೂಲೆಯಲ್ಲಿ ಬಗ್ಗಿದ್ದೇ ತಡ, ಇವನು ಕೆಮ್ಮಿದ. ಕಾಲು ಕೆರೆದ. ಸರಳನ್ನು ಠಣ್ ಎಂದು ಬೀಳಿಸಿದ.

"ಯಾಕಣ್ಣ, ಹುಷಾರಿಲ್ವಾ?"

"ಗಂಟಲು ಕೆರೆತ ಮೇಡಂ. ಇಲ್ಲೇನೂ ಇಲ್ಲ, ಮುಂದೆ ನಡೀರಿ."

"ಇರ್ಲೇಬೇಕು. ದಿಬ್ಬದ ಮೇಲಿನ ಮನೆಗಳಲ್ಲಿ ಎಷ್ಟೋ ವರ್ಷದಿಂದ ಒಂದು ಬಿಂದಿಗೆಯೂ ತುಂಬ್ತಿಲ್ಲ. ಬಸುರಿ ಹೆಂಗಸರೂ ಕೆಳಗಿಂದ ಹೊತ್ಕೊಂಡು ಹತ್ತಬೇಕು."

ಈ ಮಾತು ಕಿವಿಯಣ್ಣನಿಗೆ ಚುರುಕ್ ಎಂದಿತು. ಕಳೆ ಕೀಳುತ್ತಿದ್ದ ಅತ್ತೆ ಎದ್ದು ನಿಂತಳು. ಕೈಯ ಮಣ್ಣು ಕೊಡವಿಕೊಂಡಳು.

"ನಿಂಬೆಗಿಡದ ಬುಡ ಅಗೀರಮ್ಮ. ಅಲ್ಲೇ ಸೋರ್ತಿರೋದು. ಅಳಿಯ ಆವತ್ತೇ ಹೇಳಿದ್ದ, ನಾನೇ ಗದರಿಸಿ ಬಾಯಿ ಮುಚ್ಚಿಸಿದ್ದೆ."

ಹಸಿ ಸುಳ್ಳು! ಕಿವಿಯಣ್ಣ ಬಿಟ್ಟ ಬಾಯಿ ಮುಚ್ಚಲಿಲ್ಲ. ಹುಡುಗಿ ಅಗೆಯುವವರನ್ನು ಕರೆಯಲು ಹೋದ ಮೇಲೆ ಮೆಲ್ಲಗೆ ಕೇಳಿದ: "ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?"

"ನಿನಗೆ ಕಿವಿ ಇದ್ರೆ ನನಗೆ ಕಾಲಿಲ್ವೇನೋ? ಉರಿಬಿಸಿಲಲ್ಲಿ ಬರಿಗಾಲಲ್ಲಿ ನಿಂತ್ರೆ ಇಲ್ಲಿ ಅಂಗಾಲು ತಂಪಾಗ್ತಿತ್ತು. ಅದಕ್ಕೇ ಇಲ್ಲಿ ಗುದ್ದಲಿ ಹಾಕಿದ್ದು."

"ಮತ್ತೆ ಯಾರಿಗೂ ಹೇಳ್ಲಿಲ್ಲ?"

"ಊರ ಸೋರಿಕೆ ಹುಡುಕೋನ ಬಾಗಿಲಲ್ಲೇ ಸೋರ್ತಿದೆ ಅಂದ್ರೆ ನಿನ್ನ ಮಾನ ಉಳೀತಿತ್ತಾ? ಇದು ದಿಬ್ಬದವರ ಪಾಲಿನ ನೀರು ಅಂತ ಮಾತ್ರ ನಂಗೆ ಗೊತ್ತಿರ್ಲಿಲ್ಲ ಕಣೋ." ಎನ್ನುತ್ತಲೇ ಗುದ್ದಲಿ ತಂದು ನಿಂಬೆಯ ಬುಡದಲ್ಲಿಟ್ಟಳು.

ನಿಂಬೆಗಿಡ ಉರುಳಿತು, ಕೊಳವೆ ಸರಿಯಾಯಿತು, ದಿಬ್ಬದ ಮೇಲೆ ಬಿಂದಿಗೆಗಳು ತುಂಬಿದವು. ಬಹುಮಾನ ಬೇರೆ ಬೀದಿಯ ಪಾಲಾಯಿತು. ಉಳಿದ ಗಿಡಗಳೂ ಜೋತುಬಿದ್ದವು. ಕಿವಿಯಣ್ಣ ಹೊಸ ಶುದ್ಧೀಕರಣ ಘಟಕದಿಂದ ದಿನಾ ಬೆಳಿಗ್ಗೆ ಎರಡು ಬಕೆಟ್ ನೀರು ಹೊತ್ತು ತರತೊಡಗಿದ. ಹೊತ್ತು ಹೊತ್ತು ಸೊಂಟ ಬಿದ್ದುಹೋಯಿತು. ಬದನೆ ಮಾತ್ರ ಚಿಗುರಿತು.

ಅವತ್ತು ಅವನು ಬಕೆಟ್ ಹಿಡಿದು ಮನೆ ಬಾಗಿಲವರೆಗೆ ಬಂದಿದ್ದ. ರಸ್ತೆಯಾಚೆ ದಾಸವಾಳದ ಮರೆಯಲ್ಲಿ ಕೂತಿದ್ದ ಅತ್ತೆ ತನ್ನಷ್ಟಕ್ಕೆ ಗೊಣಗಿಕೊಂಡಳು: "ಬೆಂಡೆಗೆ ಇನ್ನೊಂದು ತಂಬಿಗೆ ಬೇಕಿತ್ತು."

"ಕೇಳಿಸ್ತು ಅತ್ತೆ, ತರ್ತೀನಿ!"

ಬೆನ್ನ ಹಿಂದೆಯೇ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೊಂಟಕ್ಕೆ ಕೈಕೊಟ್ಟಳು.

"ಓಹೋ! ರಸ್ತೆಯಾಚೆ ನಮ್ಮಮ್ಮ ಗೊಣಗಿದ್ದು ಕೇಳಿಸ್ತಾ? ಬಕೆಟ್ ಕೆಳಗಿಡಿ. ಮೂವತ್ತು ವರ್ಷದ ಮಾತು ಬಾಕಿ ಇದೆ."