ಕೌಂಟರಿನ ಕುರ್ಚಿ, ಮೊಡವೆಯ ಮೋರೆ

ನನಗೆ ಮೊಡವೆ ಬಂದದ್ದು ಎಲ್ಲರಿಗೂ ಬರುವ ವಯಸ್ಸಿನಲ್ಲಲ್ಲ. ಕಾಲೇಜಿನಲ್ಲಿ ನನ್ನ ಮುಖ ನುಣ್ಣಗಿತ್ತು, ಗೆಳತಿಯರು ಹೊಟ್ಟೆಕಿಚ್ಚು ಪಡುತ್ತಿದ್ದರು, ನಾನೂ ಸ್ವಲ್ಪ ಜಂಭ ಪಡುತ್ತಿದ್ದೆ. ಮೂವತ್ತು ಹತ್ತಿರ ಬಂದು, ಇನ್ನು ಆ ಕಾಟ ನನಗಿಲ್ಲ ಎಂದುಕೊಂಡಿದ್ದಾಗ ಗದ್ದದ ಮೇಲೆ, ದವಡೆಯ ಅಂಚಿನಲ್ಲಿ ಕೆಂಪು ಗಂಟುಗಳು ಎದ್ದವು. ದಿಂಬು ತಾಗಿದರೂ ಜೀವ ಹೋಗುವಷ್ಟು ನೋವು. ತಿಂಗಳ ಮುಟ್ಟು ಹತ್ತಿರ ಬಂದರೆ ಹೊಸ ಸಾಲು ಹುಟ್ಟುತ್ತಿತ್ತು. ಒಂದೊಂದೂ ಹೋಗುವಾಗ ಕಪ್ಪು ಕಲೆ ಇಟ್ಟು ಹೋಗುತ್ತಿತ್ತು.

ಆಗ ನಾನು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದೆ. ಅಪ್ಪ ಉಡುಪಿ ಕಡೆಯಿಂದ ಬಂದು ಸ್ಟೇಷನ್ನಿನ ಪೂರ್ವದಲ್ಲಿ ಕಟ್ಟಿದ ಸಣ್ಣ ಶಾಕಾಹಾರಿ ಹೋಟೆಲು ಅದು. ನಮ್ಮವರ ಹೋಟೆಲುಗಳಲ್ಲಿ ಹೆಣ್ಣುಮಕ್ಕಳು ಆ ಕುರ್ಚಿಯಲ್ಲಿ ಕೂರುವುದು ಕಡಿಮೆ. ಅಲ್ಲಿ ಕೂತವರೇ ಯಜಮಾನರು ಎಂದು ಲೆಕ್ಕ. ನಾನು ಆಫೀಸಿನ ಕೆಲಸ ಬಿಟ್ಟು, ಅಪ್ಪನ ಹತ್ತಿರ ಜಗಳವಾಡಿ ಕೇಳಿ ಪಡೆದ ಕುರ್ಚಿ ಅದು.

ಒಂದು ದಿನ ನಿಶ್ಚಿತಾರ್ಥದ ಊಟಕ್ಕೆ ಆರ್ಡರ್ ಕೊಡಲು ಒಬ್ಬ ಹೆಂಗಸು ಬಂದರು. ನಾನು ಮೆನು ಹೇಳುತ್ತಿದ್ದೆ, ಅವರು ನನ್ನ ಗದ್ದ ನೋಡುತ್ತಿದ್ದರು. ಕೊನೆಗೆ ಅಪ್ಪನ ಕಡೆ ತಿರುಗಿ, "ಅಂಕಲ್, ಖಾನೇ ಕೀ ಜಗಹ್ ಹೈ, ಬೇಟೀ ಕೋ ಅಂದರ್ ಬಿಠಾಯಿಯೇ" ಎಂದರು, ತಿನ್ನುವ ಜಾಗ, ಮಗಳನ್ನು ಒಳಗೆ ಕೂರಿಸಿ ಎಂದು. ಅಪ್ಪ ನಕ್ಕು ಆರ್ಡರ್ ಬರೆದುಕೊಂಡರು. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ನನ್ನ ಹತ್ತಿರ ಬಂದು ಹೇಳಿದರು.

"ಸ್ವಲ್ಪ ದಿವಸ ಒಳಗೆ ಕೂತ್ಕೋ ಮಗಾ. ಮೋರೆ ಸರಿಯಾದ ಮೇಲೆ ಬಾ. ತಿನ್ನುವ ಜಾಗ ಅಲ್ವಾ, ಜನ ಒಂಥರಾ ನೋಡ್ತಾರೆ."

ನಾನು ಎದ್ದು ಒಳಗೆ ಹೋದೆ. ಅಡುಗೆಮನೆಯ ಹಿಂದೆ ತರಕಾರಿ ಹೆಚ್ಚುವ ಕಡೆ ಕೂತು ಅತ್ತೆ, ಅತ್ತದ್ದಕ್ಕೆ ಇನ್ನೂ ಸಿಟ್ಟು ಬಂತು. ಕಳ್ಳತನ ಮಾಡಿದವರನ್ನು ಎಬ್ಬಿಸಬೇಕು, ಮೊಡವೆ ಬಂದವರನ್ನಲ್ಲ. ಆ ಕುರ್ಚಿಗೆ ನಾನು ವಾಪಸು ಬಂದೇ ಬರುತ್ತೇನೆ ಎಂದು ಅಲ್ಲೇ ಹಟ ಹಿಡಿದೆ.

ಮೊದಲ ಮದ್ದು ಅಮ್ಮನದು. ಜಾಯಿಕಾಯಿ ತೇಯ್ದು ಹಚ್ಚಿದರೆ ಕಲೆ ಹೋಗುತ್ತದೆ ಎಂದರು. ಮನೆಯಲ್ಲಿ ಚಂದನ ತೇಯುವ ಕಲ್ಲು ಇದೆ, ಆದರೆ ಅದು ದೇವರ ಕೋಣೆಯದು. ಮೊಡವೆಗೆ ದೇವರ ಕಲ್ಲು ಮೈಲಿಗೆ ಮಾಡುವುದುಂಟೇ ಎಂದು ಹೋಟೆಲಿನಲ್ಲಿ ಮಸಾಲೆ ಅರೆಯುವ ಕಲ್ಲನ್ನೇ ತೊಳೆದು ತೇಯ್ದರು. ಆ ಕಲ್ಲಿನ ಸಂದುಗಳಲ್ಲಿ ವರ್ಷಗಟ್ಟಲೆಯ ಮೆಣಸಿನ ಖಾರ ಕೂತಿತ್ತು. ಹಚ್ಚಿದ್ದೇ ತಡ, ನಾನು ನಲ್ಲಿಯ ಕೆಳಗೆ ತಲೆ ಕೊಟ್ಟು ಕುಣಿದೆ. ಅಮ್ಮ ಹೆದರಿ ಮೊಸರು ಬಳಿದರು, ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮುಖ ಮಾತ್ರ ವಾರಪೂರ್ತಿ ಕೆಂಪಗಿತ್ತು.

ಆಮೇಲೆ ಸರಿಯಾದ ವೈದ್ಯರನ್ನೇ ಹುಡುಕಿದೆ. ಠಾಕುರ್ಲಿಯಲ್ಲಿ ಒಬ್ಬರು ಆಯುರ್ವೇದ ಡಾಕ್ಟರು, ಧಾರವಾಡದ ಕಡೆಯ ಹೆಂಗಸು. ಕ್ರೀಮು, ಲೇಪ ಏನೂ ಹೇಳದೆ ಮೊದಲು ಕೇಳಿದ್ದು ಇದು.

"ಮುಂಜಾನೆ ಎದ್ದ ಕೂಡ್ಲೇ ಏನ್ ತಿಂತೀ ಹೇಳವಾ."

ನಾನು ಹೆಮ್ಮೆಯಿಂದಲೇ ಹೇಳಿದೆ. ನಮ್ಮ ಹೋಟೆಲಿನಲ್ಲಿ ಒಂದು ಕ್ರಮವಿದೆ. ಶಟರ್ ಎತ್ತುವ ಮೊದಲು ಮನೆಯವರೊಬ್ಬರು ಅಂದಿನ ಎಲ್ಲವನ್ನೂ ತಿಂದು ನೋಡಬೇಕು: ಮೊದಲ ವಡೆ, ಮೊದಲ ಶೀರಾ, ಮೊದಲ ಕಾಫಿ. ಅವರು ಸರಿ ಎಂದರೆ ಮಾತ್ರ ಗಿರಾಕಿಗೆ. ಕಾಲೇಜಿನ ದಿನಗಳಿಂದ ಆ ಕೆಲಸ ನನ್ನದು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಂದ್ರ ದಿನಾ ಖಾಲಿ ಹೊಟ್ಟ್ಯಾಗ ಕರದದ್ದು, ಸಕ್ರಿ, ಹಾಲು. ನಿನ್ನ ಹೊಟ್ಟಿ ಏನ್ ಪಾಪ ಮಾಡಿತ್ತು?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆಮೇಲೆ ಗಂಭೀರವಾಗಿ ಹೇಳಿದರು, "ಇದು ಹಾರ್ಮೋನಿಂದು. ಬರೀ ನನ್ನ ಲೇಪದಿಂದ ಹೋಗೂದಿಲ್ಲ. ಕಲ್ಯಾಣದಾಗ ಸ್ತ್ರೀರೋಗದ ಡಾಕ್ಟರಿಗೆ ತೋರಸು, ಸ್ಕ್ಯಾನ್ ಮಾಡಸು, ಅವರು ಕೊಟ್ಟ ಗುಳಿಗಿ ಬಿಡಬ್ಯಾಡ. ಊಟ ಮಾತ್ರ ನಿನ್ನ ಕೈಯಾಗ ಐತಿ."

ಸ್ಕ್ಯಾನ್ ಮಾಡಿಸಿದೆ, ಅಂಡಾಶಯದ ತೊಂದರೆಯೇ ಎಂದಾಯಿತು. ಗುಳಿಗೆ ಶುರುವಾಯಿತು. ಅದು ಸುಲಭದ ಭಾಗ. ಕಷ್ಟದ ಭಾಗ ಮರುದಿನ ಬೆಳಿಗ್ಗೆ ಬಂತು. ಅಪ್ಪ ಎಂದಿನಂತೆ ಬಿಸಿ ವಡೆಯ ತಟ್ಟೆ ನನ್ನ ಮುಂದಿಟ್ಟರು. ನಾನು ತಟ್ಟೆಯನ್ನು ಹಿಂದಕ್ಕೆ ಸರಿಸಿದೆ.

"ಎಂತ, ನಮ್ಮ ಹೋಟೆಲಿನ ತಿಂಡಿ ತಿಂದ್ರೆ ಮೋರೆ ಹಾಳಾಗ್ತದಾ?" ಅಪ್ಪ ತಟ್ಟೆಯನ್ನು ಮತ್ತೆ ನನ್ನತ್ತ ತಳ್ಳಿದರು. "ಯಜಮಾನನ ಮಗಳೇ ತಿನ್ನದ್ದನ್ನು ಗಿರಾಕಿಗೆ ಹೇಗೆ ಕೊಡುವುದು?"

"ಗಿರಾಕಿ ಯಾವಾಗಲೋ ಒಮ್ಮೆ ತಿಂತಾನೆ ಅಪ್ಪ. ನಾನು ದಿನಾ ತಿಂತೇನೆ."

ಅವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಅನೇಕ ದಿನ ಗಂಟುಮೋರೆ ಹಾಕಿಕೊಂಡು ತಾವೇ ವಡೆ ತಿಂದು ನೋಡಿದರು. ನಾನು ಸಾಂಬಾರು, ಚಟ್ನಿ ಮಾತ್ರ ನೋಡುತ್ತೇನೆ ಎಂದೆ, ಅವನ್ನೂ ತಾವೇ ನೋಡಿಕೊಂಡರು. ಬೇಜಾರಾಗುತ್ತಿತ್ತು. ಅಪ್ಪ ಇಡೀ ಜೀವನ ನಿಂತದ್ದು ಆ ಒಲೆಯ ಮುಂದೆ. ಆದರೂ ನಾನು ಬಗ್ಗಲಿಲ್ಲ.

ಹೋಟೆಲಿನ ವಾಸನೆಯ ನಡುವೆ ಪಥ್ಯ ಮಾಡುವುದು ಏನೆಂದು ಮಾಡಿದವರಿಗೇ ಗೊತ್ತು. ಸುತ್ತ ಬೆಣ್ಣೆ ದೋಸೆ ಚುಂಯ್ ಎನ್ನುತ್ತಿರುವಾಗ ನಾನು ಹೆಸರುಬೇಳೆಯ ತೊವ್ವೆ, ಜೋಳದ ರೊಟ್ಟಿ, ಹಾಗಲಕಾಯಿ ಪಲ್ಯ ತಿನ್ನುತ್ತಿದ್ದೆ. ಕಾಫಿಯ ಬದಲು ಕೊತ್ತಂಬರಿ ಜೀರಿಗೆ ಕುದಿಸಿದ ನೀರು. ಸಂಜೆ ಬಾಯಿ ಕೆಟ್ಟರೆ ಸಕ್ಕರೆಯಿಲ್ಲದ ಪುನರ್ಪುಳಿ ಶರಬತ್ತು. ರಾತ್ರಿ ಊಟವಾದ ಮೇಲೆ ಲೋಧ್ರ, ಮಂಜಿಷ್ಠ, ರಕ್ತಚಂದನದ ಪುಡಿಯನ್ನು ಗುಲಾಬಿ ನೀರಿನಲ್ಲಿ ಕಲೆಸಿ ಹಚ್ಚುವುದು. ಆ ಕೆಂಪು ಲೇಪದ ಮುಖದಲ್ಲೇ ಬಾಗಿಲು ತೆಗೆದು ಪಾರ್ಸೆಲ್ ತಂದವನನ್ನು ಒಮ್ಮೆ ಬೆಚ್ಚಿಬೀಳಿಸಿದ್ದೂ ಉಂಟು. ಬಿಸಿಲಿಗೆ ಕೊಡೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಕೈ ಎಷ್ಟೇ ತುರಿಸಿದರೂ ಮೊಡವೆ ಚಿವುಟುವುದಿಲ್ಲ.

ತಿಂಗಳುಗಳು ಹೋದವು, ಕನ್ನಡಿ ಏನೂ ಹೇಳಲಿಲ್ಲ. ಬಿಟ್ಟುಬಿಡೋಣ ಎಂದು ಎಷ್ಟೋ ಸಲ ಅನಿಸಿತು. ಆಮೇಲೆ ಒಂದು ಬೆಳಿಗ್ಗೆ ದಿಂಬು ತಾಗಿದಾಗ ನೋವಿರಲಿಲ್ಲ. ನಿಧಾನಕ್ಕೆ ಗದ್ದ ಖಾಲಿಯಾಯಿತು. ಕಲೆಗಳು ಕಪ್ಪು ಡಿಕಾಕ್ಷನ್ನಿನ ಬಣ್ಣದಿಂದ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದವು. ಗುಳಿಗೆಯಿಂದಲೋ, ಲೇಪದಿಂದಲೋ, ವಡೆ ಬಿಟ್ಟದ್ದರಿಂದಲೋ, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ, ದಿನವೂ ಎದ್ದು ಅದೆಲ್ಲವನ್ನೂ ಮಾಡಿದವಳು ನಾನು. ಆ ಹೆಮ್ಮೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಅಪ್ಪನಿಗೂ ಕಂಡಿತು. ಒಂದು ಮಧ್ಯಾಹ್ನ ಅವರೇ ಒಳಗೆ ಬಂದು, "ಬಾ, ಇನ್ನು ಕೌಂಟರಿಗೆ ಬಾ. ಮೋರೆ ಲಾಯ್ಕಾಗಿದೆ" ಎಂದರು. ಈ ಮಾತು ಕೇಳಲು ಎಷ್ಟು ಕಾದಿದ್ದೆ. ಆದರೆ ಕೇಳಿದಾಗ ಒಳಗೆ ಏನೋ ಚುಚ್ಚಿತು.

"ಇದು ಹಾರ್ಮೋನಿನದ್ದು ಅಪ್ಪ, ಮತ್ತೆ ಬರಬಹುದು. ಬಂದ್ರೆ ಮತ್ತೆ ಎಬ್ಬಿಸ್ತೀರಾ?"

ಅಪ್ಪ ಕೈಯೊರೆಸುವ ಬಟ್ಟೆಯನ್ನು ಮಡಿಸುತ್ತಾ ನಿಂತರು. ನಾನು ಹೋಗಲಿಲ್ಲ. ಲಾಯ್ಕಾದ ಮೋರೆಗೆ ಕೊಟ್ಟ ಕುರ್ಚಿ ನನಗೆ ಬೇಡವಾಗಿತ್ತು.

ಗಣಪತಿ ಹಬ್ಬದ ಗದ್ದಲ ಬಂತು. ನಿದ್ದೆಯಿಲ್ಲ, ಸಿಕ್ಕಿದ್ದು ತಿಂದದ್ದು, ಮೋದಕವೂ ಸೇರಿ. ಹಬ್ಬ ಮುಗಿಯುವ ಹೊತ್ತಿಗೆ ಗದ್ದದ ನಟ್ಟನಡುವೆ ಒಂದು ದೊಡ್ಡ ಕೆಂಪು ಗಂಟು. ಮೊದಲಿನ ನಾನಾಗಿದ್ದರೆ ದುಪಟ್ಟಾ ಸುತ್ತಿಕೊಳ್ಳುತ್ತಿದ್ದೆ. ಅಂದು ಕೂದಲನ್ನು ಎತ್ತಿ ಕಟ್ಟಿ, ಪೌಡರ್ ಕೂಡ ಹಚ್ಚದೆ, ಊಟದ ಹೊತ್ತಿಗೆ ಸರಿಯಾಗಿ ಕೌಂಟರಿನ ಹತ್ತಿರ ಹೋಗಿ ನಿಂತೆ.

"ಏಳಿ ಅಪ್ಪ. ಇವತ್ತು ನಾನು ಕೂರ್ತೇನೆ."

ಅಪ್ಪ ನನ್ನ ಗದ್ದ ನೋಡಿದರು. ಆಮೇಲೆ ಕಣ್ಣು ನೋಡಿದರು. ಎದ್ದು ಪಕ್ಕಕ್ಕೆ ಸರಿದರು. ಎಬ್ಬಿಸಿದರೆ ಇನ್ನು ಈ ಹೋಟೆಲಿಗೇ ಕಾಲಿಡುವುದಿಲ್ಲ ಎಂದು ತೀರ್ಮಾನಿಸಿಕೊಂಡೇ ಕೂತಿದ್ದೆ.

ಊಟ ಮುಗಿಸಿದ ಒಬ್ಬ ಗಿರಾಕಿ ಬಂದ. ನನ್ನ ಮುಖ ನೋಡಿದ, ಮುಖ ತಿರುಗಿಸಿದ, ಬಿಲ್ಲನ್ನು ನನ್ನ ತಲೆಯ ಮೇಲಿಂದ ಅಪ್ಪನ ಕಡೆಗೆ ಚಾಚಿದ. "ಶೇಟ್, ತುಮ್ಹೀಚ್ ಘ್ಯಾ" ಎಂದ, ನೀವೇ ತಗೊಳ್ಳಿ ಎಂದು.

ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಮಾಲಕೀಣ್ ತೀ ಆಹೇ" ಎಂದರು, ಇಡೀ ಹೋಟೆಲಿಗೆ ಕೇಳಿಸುವಂತೆ. ಯಜಮಾನಿ ಅವಳು. "ತಿಲಾಚ್ ದ್ಯಾ." ಅವಳಿಗೇ ಕೊಡಿ.

ಅವನ ಕೈ ಕೆಳಗಿಳಿಯಿತು. ನಾನು ಮುಖವೆತ್ತಿ ಅವನನ್ನೇ ನೋಡುತ್ತಾ ಬಿಲ್ಲು ತೆಗೆದುಕೊಂಡೆ.