ಖಾಸಗಿ ಲೈನಿನ ಅಣ್ಣ

೧೯೫೭ರಲ್ಲಿ ನಾನು ಬಾಗಲಕೋಟೆಯಲ್ಲಿ ಟೆಲಿಫೋನ್ ಇನ್‌ಸ್ಪೆಕ್ಟರ್ ಆಗಿದ್ದೆ. ಬಾದಾಮಿ, ಹುನಗುಂದ, ಇಳಕಲ್ಲುಗಳೂ ನನ್ನ ಪಾಲಿಗೇ ಬಂದಿದ್ದವು. ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದು ನಮಗೆ ಇನ್ನೂ ವರ್ಷ ತುಂಬಿರಲಿಲ್ಲ. ಹಳ್ಳಿಗೆ ಫೋನು ಕೊಡುವ ನಿಯಮಗಳು ಮಾತ್ರ ಹಳೆಯವೇ. ಅವನ್ನು ಬರೆದವರು ಒಂದು ದಿನವಾದರೂ ಚಕ್ಕಡಿ ಹತ್ತಿದ್ದರೆಂದು ನನಗೆ ಇಂದಿಗೂ ನಂಬಿಕೆಯಿಲ್ಲ.

ಎಕ್ಸ್‌ಚೇಂಜಿನ ಸುತ್ತ ಒಂದು ವರ್ತುಲ; ಅದರೊಳಗಿನ ಮನೆಗಳಿಗೆಲ್ಲ ಒಂದೇ ಬಾಡಿಗೆ. ಹೊರಗಿನ ಹಳ್ಳಿಯವರು ಖಾಸಗಿ ಲೈನು ಬೇಕೆಂದರೆ ಹೆಚ್ಚಿನ ಪ್ರತಿ ಮೈಲಿಗೂ ಕಂಬ, ತಂತಿಗಳ ಬಾಡಿಗೆ ಬೇರೆ ತೆರಬೇಕು. ಇಷ್ಟು ತೆತ್ತ ಮೇಲೂ ಆ ಫೋನಿನಲ್ಲಿ ಮಾತಾಡಬೇಕಾದವರು ಗ್ರಾಹಕರು, ಅವರ ಕುಟುಂಬದವರು, ಅವರ ನೌಕರರು ಮಾತ್ರ. ಬೇರೆಯವರು ಬಳಸಿದರೆ ಲೈನು ಕತ್ತರಿಸುವುದು. ಅದು ಬೇಡವೆಂದರೆ ಗ್ರಾಹಕರು ಅದನ್ನು ಸಾರ್ವಜನಿಕ ಫೋನಾಗಿ ಬದಲಿಸಿಕೊಂಡು ಬಂದವರಿಂದ ಕರೆಗೆ ಇಷ್ಟೆಂದು ವಸೂಲಿ ಮಾಡಬೇಕು.

ಇಳಕಲ್ಲಿನಾಚೆಯ ಒಂದು ಹಳ್ಳಿಯಲ್ಲಿ ನೀಲವ್ವ ಎಂಬವರು ಇಂಥ ಲೈನು ಹಾಕಿಸಿಕೊಂಡಿದ್ದರು. ಗಂಡ ತೀರಿದ ಮೇಲೆ ಸೀರೆಯ ವ್ಯಾಪಾರವನ್ನು ತಾವೇ ನಡೆಸುತ್ತಿದ್ದ ಲಿಂಗಾಯತ ಹೆಣ್ಣುಮಗಳು. ನೇಕಾರರಿಗೆ ನೂಲು ಕೊಟ್ಟು, ನೇಯ್ದ ಸೀರೆಗಳನ್ನು ಇಳಕಲ್ಲಿನ ಪೇಟೆಗೆ ಕಳಿಸುತ್ತಿದ್ದರು. ಮಳೆಗಾಲದಲ್ಲಿ ಹಳ್ಳ ತುಂಬಿತೆಂದರೆ ಆ ಊರಿಗೂ ಹೊರಗಿನ ಲೋಕಕ್ಕೂ ನಡುವೆ ಉಳಿಯುತ್ತಿದ್ದುದು ಅವರ ಪಡಸಾಲೆಯ ಕಪ್ಪು ಫೋನೊಂದೇ. ಹಾವು ಕಡಿದ ಕುರಿಗಾಹಿಯೊಬ್ಬ ಬದುಕಿ ಉಳಿದದ್ದು, ಆ ಫೋನಿನಿಂದ ದವಾಖಾನೆಗೆ ಸುದ್ದಿ ಮುಟ್ಟಿದ್ದರಿಂದ.

ಆಗ ಪ್ರತಿ ಕರೆಯನ್ನೂ ಆಪರೇಟರ್ ಕೈಯಿಂದಲೇ ಜೋಡಿಸಬೇಕಿತ್ತು. ನಮ್ಮ ಆಪರೇಟರ್ ಮಹಾಶಯನಿಗೆ ಜೋಡಿಸುವುದಕ್ಕಿಂತ ಕೇಳಿಸಿಕೊಳ್ಳುವುದರಲ್ಲೇ ಆಸಕ್ತಿ. ಒಬ್ಬ ವಿಧವೆಯ ಮನೆಯಿಂದ ಇಷ್ಟು ಗಂಡಸರ ದನಿ ಹೇಗೆ ಬರುತ್ತದೆಂದು ಮೇಲಕ್ಕೆ ದೂರು ಒಯ್ದ. ಮೇಲಧಿಕಾರಿಗಳೇ ಖುದ್ದಾಗಿ ಬಂದರು. ದಕ್ಷಿಣದ ಕಡೆಯವರು, ಮಾತಿಗೂ ಇಸ್ತ್ರಿ ಹಾಕಿಕೊಂಡಂಥ ಮನುಷ್ಯ. ತಂತಿ ಕತ್ತರಿಸುವ ಇಕ್ಕಳವನ್ನು ಜೀಪಿನಲ್ಲಿ ಇರಿಸಿಕೊಂಡೇ ನನ್ನನ್ನು ಕರೆದೊಯ್ದರು.

ನೀಲವ್ವ ಚಹಾ ತಂದಿಟ್ಟರು. ಸಾಹೇಬರು ಮುಟ್ಟಲಿಲ್ಲ. "ಪಬ್ಲಿಕ್ ಫೋನ್ ಮಾಡಿಸಿಕೊಂಡು ದುಡ್ಡು ವಸೂಲು ಮಾಡಿ. ಇಲ್ಲವಾದರೆ ಈಗಲೇ ಲೈನ್ ಕತ್ತರಿಸಬೇಕಾಗುತ್ತದೆ," ಎಂದರು.

"ಒಲಿಗೆ ಕೆಂಡ ಕೇಳಾಕ ಬಂದವ್ರ ಕಡೆ ರೊಕ್ಕ ತೊಗೋತಾರೇನ್ರಿ?" ಎಂದರು ನೀಲವ್ವ. "ಬಾಡಗಿ ಎಲ್ಲಾ ನಾ ಕಟ್ಟೇನಿ. ಫೋನಿಗೆ ಬರಾವ್ರೆಲ್ಲಾ ನಮ್ಮ ಮಂದೀನರಿ."

ಸಾಹೇಬರು ನನಗೆ ಫೋನಿಗೆ ಬರುವವರೆಲ್ಲರ ಹೇಳಿಕೆ ಬರೆದುಕೊಳ್ಳಲು ಅಪ್ಪಣೆ ಮಾಡಿದರು. ಗ್ರಾಹಕರಿಗೂ ನಿಮಗೂ ಸಂಬಂಧವೇನು ಎಂಬುದೊಂದೇ ಪ್ರಶ್ನೆ. 'ಏನೂ ಇಲ್ಲ' ಎಂಬ ಉತ್ತರ ಬಿದ್ದರೆ ಇಕ್ಕಳಕ್ಕೆ ಕೆಲಸ.

ಆ ಪ್ರಶ್ನೆಯನ್ನು ನಮ್ಮ ಕಡೆಯ ಹಳ್ಳಿಯಲ್ಲಿ ಕೇಳಬಾರದಿತ್ತು. ಕುರಿಗಾಹಿಯ ತಂದೆ ತಾನು 'ಕಾಕಾ' ಎಂದ. ಒಬ್ಬ ಮುದುಕಿ 'ಅತ್ತಿ' ಎಂದಳು. ಕೊನೆಗೆ ಬಂದವರು ಗಾದಿಗೆ ಹತ್ತಿ ಹಿಂಜುವ ಹುಸೇನಸಾಬರು.

"ನಾ ಆಕಿ ಅಣ್ಣರಿ."

ಸಾಹೇಬರು ನಕ್ಕೇಬಿಟ್ಟರು. "ನೀವು ಮುಸಲ್ಮಾನರು, ಆಕೆ ಲಿಂಗಾಯತರು. ಅಣ್ಣ ಹೇಗಾಗುತ್ತೀರಿ?"

ಹುಸೇನಸಾಬರು ನಗಲಿಲ್ಲ. "ವರ್ಷಾ ಪಂಚಮಿಗೆ ಆಕಿಗೆ ಗುಳೇದಗುಡ್ಡದ ಖಣ ತಂದು ಕೊಡಾಂವ ನಾ. ತವರಮನಿಯಾಂವ ಬಂದ ಅಂತ ನನಗ ಉಂಡಿ ಕಟ್ಟಿ ಕೊಡಾಕಿ ಆಕಿ. ಅಣ್ಣ ಅಲ್ಲಂದ್ರ ನಾ ಯಾರು, ನೀವ ಹೇಳ್ರಿ."

ನಾಗರಪಂಚಮಿ ನಮ್ಮಲ್ಲಿ ಅಣ್ಣ-ತಂಗಿಯರ ಹಬ್ಬ. ಆ ದಿನ ಕುಬಸದ ಖಣ ಕೊಟ್ಟವನನ್ನು ನೀನು ಅಣ್ಣನಲ್ಲ ಎನ್ನುವ ಗಂಡೆದೆ ಯಾರಿಗಿದೆ? ನಾನು 'ಅಣ್ಣ' ಎಂದೇ ಬರೆದೆ.

"ಅದನ್ನು ಹೊಡೆದುಹಾಕಿ ಸಂಬಂಧವಿಲ್ಲ ಎಂದು ಬರೆಯಿರಿ," ಎಂದರು ಸಾಹೇಬರು.

ನನಗೆ ಸಿಟ್ಟು ನೆತ್ತಿಗೇರಿತು. "ಹೇಳಿಕಿ ಅವರದ್ರಿ, ನಂದಲ್ಲ. ನಾ ಹೊಡಿಯೂದಿಲ್ಲ. ನೀವ ಹೊಡದು, ಮಗ್ಗಲಕ ನಿಮ್ಮ ಸಹಿ ಮಾಡ್ರಿ."

ಪಡಸಾಲೆಯ ತುಂಬ ಜನ. ಸಾಹೇಬರು ಪೆನ್ನು ತೆಗೆದರು, ಹುಸೇನಸಾಬರ ಮುಖ ನೋಡಿದರು, ಪೆನ್ನು ಮುಚ್ಚಿ ಕಿಸೆಗಿಟ್ಟರು. ಅಂದು ಯಾರೂ ಲೈನು ಕತ್ತರಿಸಲಿಲ್ಲ.

ಅಷ್ಟಕ್ಕೇ ಬಿಡುವ ಪೈಕಿ ಅವರಲ್ಲ. ನನ್ನ ಬಡ್ತಿ ನಿಂತಿತು. ಶಿಸ್ತಿನ ಕ್ರಮ ಏಕೆ ಕೈಗೊಳ್ಳಬಾರದೆಂದು ಮೆಮೊ ಬಂತು. "ತಪ್ಪಾತು ಅಂತ ಬರದು ಕೊಟ್ಟುಬಿಡ್ರಿ, ಮಕ್ಕಳ ಮಾರಿ ನೋಡ್ರಿ," ಎಂದು ಹೆಂಡತಿ ಅತ್ತಳು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ ಕೊಟ್ಟು ಪಾರಾಗಬಹುದಿತ್ತು. ಕೊಡಲಿಲ್ಲ. 'ನಿಯಮದಲ್ಲಿ ಕುಟುಂಬ ಎಂಬ ಶಬ್ದವಿದೆ. ಅಣ್ಣ ಅದರಲ್ಲಿ ಬರುವುದಿಲ್ಲವೆಂದು ಎಲ್ಲಿ ಬರೆದಿದೆಯೋ ತೋರಿಸಿದರೆ ತಿದ್ದಿಕೊಳ್ಳುತ್ತೇನೆ,' ಎಂದು ಬರೆದು ಕಳಿಸಿದೆ.

ನೌಕರಿ ನನಗೆ ಕಲಿಸಿದ್ದು ಇಷ್ಟೇ: ಜನರ ಮಾತನ್ನು ಅವರು ಆಡಿದಂತೆಯೇ ಬರೆದುಕೊಳ್ಳುವುದು ಇನ್‌ಸ್ಪೆಕ್ಟರನ ಮೊದಲ ಕೆಲಸ, ಅದಕ್ಕಾಗಿ ಬೈಸಿಕೊಳ್ಳುವುದು ಎರಡನೆಯದು. ಬಡ್ತಿ ತಡವಾಗಿಯಾದರೂ ಬಂತು. ನನ್ನ ಪ್ರಶ್ನೆಗೆ ಉತ್ತರ ಮಾತ್ರ ನಾನು ನಿವೃತ್ತನಾಗುವವರೆಗೂ ಬರಲಿಲ್ಲ, ನೀಲವ್ವನ ಲೈನಿನಲ್ಲಿ ಊರೆಲ್ಲ ಮಾತಾಡುತ್ತಲೇ ಇತ್ತು.