ಊಟದ ಕೋಣೆಯಲ್ಲಿ ಗೌರಕ್ಕನ ಖುರ್ಚಿ

ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಸಿದ್ದಲಿಂಗಪ್ಪನವರು ೧೯೩೬ರಲ್ಲಿ ಹೊಸ ಮನೆ ಕಟ್ಟಿಸಲು ಹೊರಟಾಗ, ನಕ್ಷೆ ಬರೆಯಲು ಮುಂಬಯಿಯಲ್ಲಿ ಕಲಿತು ಬಂದ ತ್ರ್ಯಂಬಕರಾಯರನ್ನು ಕರೆಸಿದರು. ರಾಯರು ಖಾಲಿ ಜಾಗದಲ್ಲಿ ಸುಣ್ಣದ ಗೆರೆ ಎಳೆಸಿ, ಇದು ಪಡಸಾಲೆ, ಇದು ಅಡುಗೆಮನೆ, ನಡುವಿನದು ಬರೀ ಊಟದ ಕೋಣೆ ಎಂದು ತೋರಿಸಿದರು. ಸಿದ್ದಲಿಂಗಪ್ಪನವರ ಹೆಂಡತಿ ಗೌರಕ್ಕ ಬಾಯಿಗೆ ಸೆರಗು ಹಿಡಿದು ನೋಡುತ್ತ ನಿಂತುಬಿಟ್ಟಳು. ಉಣ್ಣುವುದಕ್ಕೇ ಒಂದು ಕೋಣೆಯಂತೆ! ಶಿರಗುಪ್ಪಿಯ ಅವಳ ತವರಿನಲ್ಲಿ ಇಡೀ ಸಂಸಾರ ಮಲಗುತ್ತಿದ್ದುದೇ ಅಷ್ಟು ಜಾಗದಲ್ಲಿ.

ಮೇಜಿನ ಗೆರೆಯನ್ನೂ ಹಾಕಿಸಿ, ಯಾರ್‍ಯಾರು ಎಲ್ಲೆಲ್ಲಿ ಕೂರುತ್ತಾರೆಂದು ರಾಯರು ಕೇಳುತ್ತ ಬಂದರು. ಯಜಮಾನರದಾಯಿತು, ಮಕ್ಕಳದಾಯಿತು, ಬೀಗರದೂ ಆಯಿತು. ಆಮೇಲೆ ಗೌರಕ್ಕನ ಕಡೆ ತಿರುಗಿದರು.

“ಅಕ್ಕಾರ, ನೀವೆಲ್ಲಿ ಕುಂದರತೀರಿ?”

ಸಿದ್ದಲಿಂಗಪ್ಪನವರು ನಕ್ಕು, ಹೆಂಗಸರ ಊಟ ಒಳಗೇ ಆಗುತ್ತದೆ ಎಂದರು. ಅದೂ ಖರೆಯೇ. ಗಂಡಸರೆಲ್ಲ ಉಂಡೆದ್ದ ಮೇಲೆ ಒಲೆಯ ಮಗ್ಗುಲಲ್ಲಿ, ಬಾಗಿಲಿಗೆ ಬೆನ್ನು ಮಾಡಿ, ಉಳಿದದ್ದನ್ನು ಗಬಗಬ ಉಂಡು ಏಳುವುದು ಗೌರಕ್ಕನ ರೂಢಿ. ಆದರೆ ಹುಟ್ಟಿದಾಗಿನಿಂದ ಯಾರೂ ಕೇಳದ ಮಾತನ್ನು ಈ ಕಲಿತ ಮನುಷ್ಯ ಕೇಳಿಬಿಟ್ಟಿದ್ದ. ಅವಳು ಗಂಡನ ಜಾಗದ ಎದುರಿಗೆ, ಕಿಟಕಿ ಬರುವ ಕಡೆ, ಕಾಲ್ಬೆರಳಿನಿಂದ ಮಣ್ಣಿನಲ್ಲೊಂದು ಗೀಟು ಎಳೆದಳು. ರಾಯರು ಅದನ್ನೂ ನಕ್ಷೆಯಲ್ಲಿ ಹಾಕಿಕೊಂಡರು.

ಮನೆಯಾಯಿತು, ಮೇಜು ಬಂತು, ಕಿಟಕಿಯ ಬಳಿ ಆ ಖುರ್ಚಿಯೂ ಬಂತು. ಅದರಲ್ಲಿ ಕೂರು ಎಂದು ಮಾತ್ರ ಯಾರೂ ಅನ್ನಲಿಲ್ಲ. ತಾನಾಗಿ ಹೋಗಿ ಕೂರಲು ಅವಳಿಗೆಲ್ಲಿಯ ಧೈರ್ಯ? ಆಸೆಯಂತೂ ಗಂಟಲತನಕ ಇತ್ತು. ಬಿಸಿಲು ಆ ಖುರ್ಚಿಯ ಮೇಲೆ ಬಿದ್ದರೆ ಕೈಯಲ್ಲಿನ ಕೆಲಸ ಬಿಟ್ಟು ನೋಡುವಳು, ಒರೆಸಿದ್ದನ್ನೇ ಮತ್ತೆ ಒರೆಸುವಳು.

ಒಂದು ಮಧ್ಯಾಹ್ನ ಮಕ್ಕಳಾರೂ ಮನೆಯಲ್ಲಿರಲಿಲ್ಲ. ಬಡಿಸಿ, ಖುರ್ಚಿಯ ಬೆನ್ನು ಹಿಡಿದು ನಿಂತವಳನ್ನು ಸಿದ್ದಲಿಂಗಪ್ಪನವರು ಗದರಿದರು.

“ಹಿಡಕೊಂಡ ನಿಲ್ಲಾಕ ಮಾಡಿಸೇನೇನ ಅದನ್ನ? ತಾಟ ತಗೊಂಡ ಬಾ, ಕುಂದರ.”

ಕೂತಳು. ಅಬ್ಬಾ, ಆ ಗಳಿಗೆಯನ್ನು ಹೇಗೆ ಹೇಳುವುದು! ಮದುವೆಯಾದಾಗಿನಿಂದ ಬಗ್ಗಿ ಬಡಿಸುವವಳಿಗೆ ಕಾಣುತ್ತಿದ್ದುದು ಗಂಡನ ನೆತ್ತಿ, ಆಡುವ ಕೈ, ಬರಿದಾಗುವ ತಾಟು, ಅಷ್ಟೆ. ಈಗ ಮುಖವೇ ಎದುರಿಗಿತ್ತು. ಕಿಟಕಿಯ ಬೆಳಕಿನಲ್ಲಿ ಹುಬ್ಬಿನ ನರೆಗೂದಲೂ ಕಾಣುತ್ತಿತ್ತು. ತುತ್ತು ಬಾಯಿಗಿಡುವುದನ್ನೂ ಮರೆತು ಅವಳು ಬೆರಗಿನಿಂದ ನೋಡಿದಳು.

ಅವರು ಮೊದಲು ಹುಳಿಸೊಪ್ಪಿನ ಪುಂಡಿಪಲ್ಯಕ್ಕೆ ಕೈ ಹಾಕಿದರು. ಯಾವಾಗಲೂ ಮೊದಲು ಮುಗಿಯುವುದು ಅದೇ. ಗಂಡನಿಗೆ ಅದೆಂದರೆ ಜೀವ ಎಂದುಕೊಂಡು ಗೌರಕ್ಕ ಪ್ರತಿಸಲ ಇನ್ನೊಂದು ಸೌಟು ಹಾಕುತ್ತಿದ್ದಳು. ಈಗ ನೋಡಿದರೆ ಅವರು ಕಣ್ಣು ಮುಚ್ಚಿ, ಮುಖ ಕಿವಿಚಿ, ಕಷಾಯ ಕುಡಿದವರಂತೆ ನುಂಗಿದರು.

“ಪಲ್ಲೆ ನಿಮಗ ಸೇರೂದಿಲ್ಲೇನ್ರಿ?”

ಸಿದ್ದಲಿಂಗಪ್ಪನವರು ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು. “ಮೊದಲಿಂದಾನೂ ಸೇರೂದಿಲ್ಲ. ಲಗೂ ಮುಗಸಿದ್ರ ಕಾಟ ತಪ್ಪತೈತಿ ಅಂತ ತಿಂತಿದ್ದೆ. ನೀ ಮತ್ತ ಹಾಕತಿದ್ದಿ.”

“ಇಷ್ಟ ವರ್ಷ ಹೇಳಬಾರದಿತ್ತೇನ್ರಿ?”

“ಹೇಳಾಕ ನೀ ಯಾವಾಗ ನನ್ನ ಮುಂದ ಕುಂತಿದ್ದಿ?”

ಗೌರಕ್ಕನಿಗೆ ನಗುವೂ ಬಂತು, ಕಣ್ಣಿಗೆ ನೀರೂ ಬಂತು. ಕೈ ಚಾಚಿ ಗಂಡನ ತಾಟಿನ ಪಲ್ಯವನ್ನೆಲ್ಲ ತನ್ನ ತಾಟಿಗೆ ಬಳಿದುಕೊಂಡು, ಅವರ ಮುಖ ನೋಡುತ್ತ ನಿಧಾನವಾಗಿ ಉಣ್ಣತೊಡಗಿದಳು.